ಎರಡು ವರ್ಷ ಕೇರಳದ ಸಮರಕಲೆ ಕಳರಿ ಕಲಿತಿದ್ದೇನೆ. ಕಾಸರಗೋಡು ಪೇಟೆಯಲ್ಲಿ ಯಾರಾದರೂ ಹೊಡೆಯಲು ಬಂದರೆ ಅದು ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಕಲಿತ ಹಾಗೆಯೇ ಅಲ್ಲ. ಕಳರಿಯಲ್ಲಿ ಮೊದಲು ಮೆಯ್ತಾರಿ ಅಂದರೆ ಮೈ ಪಳಗಿಸುವ ಕಸರತ್ತು, ಆಮೇಲೆ ಕೋಲಿನ ಕೋಲ್ತಾರಿ, ಕತ್ತಿಯಂಥ ಲೋಹದ ಆಯುಧಗಳ ಅಂಗತ್ತಾರಿ. ಬರಿಗೈ ಕಾಳಗದ ವೆರುಂಕೈ ಕೊನೆಗೆ. ಎರಡು ವರ್ಷಕ್ಕೆ ಅಲ್ಲಿಯವರೆಗೆ ತಲುಪುವವರು ಕಡಿಮೆ. ಮೇಲಾಗಿ 42 ಅಡಿ ಉದ್ದ, 21 ಅಡಿ ಅಗಲದ ಕಳರಿಯ ಮಣ್ಣಿನ ನೆಲದಲ್ಲಿ ಗುರುಕ್ಕಳ್ (ಗುರು) ವಾಯ್ತಾರಿ (ಬಾಯಿಮಾತಿನ ಆಜ್ಞೆ) ಹೇಳುತ್ತಾರೆ, ಎದುರಿನವನ ಏಟು ಎಲ್ಲಿಂದ ಬರುತ್ತದೆಂದು ನಿಮಗೆ ಮೊದಲೇ ಗೊತ್ತು. ತುಂಬಿದ ಬಸ್ಸಿನಲ್ಲಿ ಕಾಲೆತ್ತಲೂ ಜಾಗವಿಲ್ಲ.

ಹಾಗಾಗಿ ಅಭ್ಯಾಸವನ್ನೇ ಸ್ವಲ್ಪ ಕೆಡಿಸಿ. ಚಪ್ಪಲಿ ಹಾಕಿ, ಹೆಗಲಿಗೆ ಚೀಲ ಏರಿಸಿ, ಮಳೆಗಾಲದ ಪಾಚಿ ಕಟ್ಟಿದ ಅಂಗಳದಲ್ಲಿ ನಿಲ್ಲಿ. (ಲುಂಗಿ ಉಟ್ಟು ಎತ್ತರಕ್ಕೆ ಒದೆಯಲು ಹೋಗಿ ನಾನೇ ಬಿದ್ದಿದ್ದೇನೆ.) ಜೊತೆಗಾರ ಹೇಳದೆ ಕೇಳದೆ ತಳ್ಳಲಿ, ಕೈ ಹಿಡಿಯಲಿ, ಕಾಲರ್ ಎಳೆಯಲಿ. ಬಿಡಿಸಿಕೊಂಡು, ಜೋರಾಗಿ ಕೂಗಿ, ಓಡುವುದು ನಿಮ್ಮ ಕೆಲಸ. ಮೆಯ್ತಾರಿ ಕೊಟ್ಟ ಸಮತೋಲ, ತಗ್ಗಿ ನಿಲ್ಲುವ ಕಾಲುಗಳು ಇಲ್ಲಿ ನಿಜಕ್ಕೂ ಕೈಹಿಡಿಯುತ್ತವೆ. ನೆಗೆತ, ತಿರುಗು ಒದೆತ ಬೇಡ.

ಚೂರಿ ಕಂಡರೆ ಮೊಬೈಲು ಕೊಟ್ಟುಬಿಡಿ, ದೂರ ಹೋಗಿ 112ಕ್ಕೆ ಕರೆ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಂ ಆತ್ಮರಕ್ಷಣೆಯ ಹಕ್ಕಿನಿಂದ ಮಾಡಿದ್ದು ಅಪರಾಧವಲ್ಲ ಎನ್ನುತ್ತದೆ, 37ನೆಯದು ಅಗತ್ಯಕ್ಕಿಂತ ಹೆಚ್ಚು ಹೊಡೆಯಬೇಡ ಎನ್ನುತ್ತದೆ. ಬಿದ್ದವನಿಗೆ ಮತ್ತೆ ಒದ್ದರೆ ಕೇಸು ನಿಮ್ಮ ಮೇಲೆಯೇ ಬೀಳಬಹುದು.