ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ, ಏರ್ ಸ್ಟೋನ್ ಹಾಕಿದರೆ ಸರಿಹೋಗುತ್ತಾ?

ನೀವು ಕೇಳಿರುವುದು ಇಷ್ಟು: ಎರಡಡಿ ಉದ್ದದ ಟ್ಯಾಂಕ್, ನಾಲ್ಕು ಗೋಲ್ಡ್‌ಫಿಶ್, ಒಂದಷ್ಟು ಗಿಡ, ನೀರೊಳಗೆ ಮುಳುಗಿಸಿಟ್ಟ ಒಂದು ಫಿಲ್ಟರ್. ಬೆಳಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಸೇರಿಕೊಂಡು ಬಾಯಿ ಬಡಿಯುತ್ತಿರುತ್ತವೆ. ಏರ್ ಸ್ಟೋನ್ (ಗಾಳಿ ಪಂಪಿನ ಪೈಪಿನ ತುದಿಗೆ ಸಿಕ್ಕಿಸಿ ನೀರೊಳಗೆ ಇಡುವ, ಗುಳ್ಳೆ ಬಿಡುವ ಸಣ್ಣ ಕಲ್ಲು) ಬೇಕಾ, ಬೇಕಾದರೆ ಎಲ್ಲಿಡಬೇಕು, ಸದ್ದು ತಡೆಯಲಾರದೆ ರಾತ್ರಿ ಆಫ್ ಮಾಡಿದರೆ ನಡೆಯುತ್ತಾ?

ಬೇಕು, ಹಾಕಿ. ರಾತ್ರಿ ಮಾತ್ರ ಆಫ್ ಮಾಡಬೇಡಿ. ನಿಮ್ಮ ಮೀನುಗಳಿಗೆ ಅದು ಬೇಕಾಗಿರುವುದೇ ರಾತ್ರಿ ಹೊತ್ತು.

ಕಾರಣ ಸುಲಭ. ಬೆಳಕು ಇರುವಾಗ ಗಿಡಗಳು ಆಮ್ಲಜನಕ ಬಿಡುತ್ತವೆ. ಲೈಟ್ ಆರಿದ ಮೇಲೆ ಅವೂ ಮೀನುಗಳ ಜೊತೆ ಸೇರಿ ಅದನ್ನೇ ಬಳಸಿಕೊಳ್ಳುತ್ತವೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಪಾಲು ಬೇಕು. ಹೀಗೆ ರಾತ್ರಿಯಿಡೀ ಖರ್ಚಾಗುತ್ತಾ ಬಂದು, ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ಮೀನುಗಳು ಮೇಲೆ ಬರುವುದು ಆವಾಗಲೇ. ನೀರಿನ ತುತ್ತತುದಿಯ ತೆಳು ಪದರದಲ್ಲಿ ಇದ್ದುದರಲ್ಲಿ ಹೆಚ್ಚು ಆಮ್ಲಜನಕ ಇರುತ್ತದೆ.

ಈಗ ಏರ್ ಸ್ಟೋನ್ ಏನು ಮಾಡುತ್ತದೆ ಅಂತ ನೋಡೋಣ. ಗುಳ್ಳೆಗಳು ನೀರಿಗೆ ಗಾಳಿ ತುಂಬುತ್ತವೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಸ್ವಲ್ಪ ತುಂಬುತ್ತವೆ, ಸುಳ್ಳಲ್ಲ. ಆದರೆ ಒಂದಡಿ ಆಳದ ಟ್ಯಾಂಕಿನಲ್ಲಿ ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡು ಸಾಕು. ಅಷ್ಟರಲ್ಲಿ ಅದು ಬಿಟ್ಟುಕೊಡುವುದು ಎಷ್ಟು? ನಿಜವಾದ ಕೆಲಸ ನಡೆಯುವುದು ಮೇಲ್ಮೈಯಲ್ಲಿ. ಗುಳ್ಳೆಗಳು ಏರುವಾಗ ಸುತ್ತಲಿನ ನೀರನ್ನೂ ಎಳೆದುಕೊಂಡು ಹೋಗುತ್ತವೆ. ತಳದ ನೀರು ಮೇಲೆ ಬಂದು ಗಾಳಿ ಸೋಕಿಸಿಕೊಂಡು, ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಆಮ್ಲಜನಕ ಹೀರಿಕೊಂಡು ಮತ್ತೆ ಕೆಳಗಿಳಿಯುತ್ತದೆ. ನೋಡಬೇಕೆಂದರೆ ಮೀನಿನ ಆಹಾರವನ್ನು ಬೆರಳಲ್ಲಿ ಪುಡಿ ಮಾಡಿ, ಒಂದೇ ಒಂದು ಚಿಟಿಕೆಯನ್ನು ಕಲ್ಲಿನ ಹತ್ತಿರ ನೀರೊಳಗೆ ಬಿಡಿ. ಪುಡಿ ಓರೆಯಾಗಿ ಗುಳ್ಳೆಗಳ ಕಡೆಗೆ ಜಾರಿ, ಅವುಗಳ ಜೊತೆ ಸರ್ರನೆ ಮೇಲೇರಿ, ಅಲ್ಲಿ ಹರಡಿ, ಆಮೇಲೆ ಎದುರು ಗಾಜಿನ ಪಕ್ಕದಲ್ಲಿ ನಿಧಾನವಾಗಿ ಇಳಿಯುತ್ತದೆ. ಗೋಲ್ಡ್‌ಫಿಶ್ ಅಷ್ಟು ಹೊತ್ತು ಅದನ್ನು ಉಳಿಸಿದರೆ ಕಾಣುತ್ತದೆ!

ಇಷ್ಟು ಗೊತ್ತಾದರೆ ಅರ್ಧ ಪ್ರಶ್ನೆಗಳಿಗೆ ತಾನಾಗಿಯೇ ಉತ್ತರ ಸಿಗುತ್ತದೆ. ಮೇಲ್ಮೈ ಚೆನ್ನಾಗಿ ಅಲುಗಾಡುತ್ತಿದ್ದರೆ ಏರ್ ಸ್ಟೋನ್ ಇಲ್ಲದೆಯೂ ನಡೆಯುತ್ತದೆ. ನಿಮ್ಮ ಫಿಲ್ಟರ್ ನೀರೊಳಗೆ ಮುಳುಗಿದೆ ಅಂದಿರಿ. ಅದರಿಂದ ನೀರು ಹೊರಬರುವ ಬಾಯಿ ಕೆಳಗಿದ್ದರೆ ಒಳಗೆ ನೀರು ಎಷ್ಟೇ ಸುತ್ತಿದರೂ ಮೇಲ್ಭಾಗ ಅಲ್ಲಾಡದೆ ನಿಂತಿರುತ್ತದೆ. ತಲೆ ಬಗ್ಗಿಸಿ ಪಕ್ಕದ ಗಾಜಿನಿಂದ ನೀರಿನ ಮೇಲ್ಮೈಯನ್ನು ಕೆಳಗಿನಿಂದ ನೋಡಿ. ಎಣ್ಣೆ ಚೆಲ್ಲಿದ ಹಾಗೆ ತೆಳ್ಳಗೆ ಪೊರೆ ಕಂಡರೆ ಅಲ್ಲಿ ಚಲನೆ ಸಾಲದು ಅಂತ ಅರ್ಥ. ಆ ಪೊರೆ ಗಾಳಿ ಒಳಗೆ ಹೋಗುವುದಕ್ಕೂ ಅಡ್ಡಿ. ಹಾಗಾಗಿ ಕಲ್ಲು ತರುವ ಮೊದಲು, ಇವತ್ತೇ, ಫಿಲ್ಟರನ್ನು ಮೇಲಕ್ಕೆ ಸರಿಸಿ. ಅದರ ಬಾಯಿ ಮೇಲ್ಮೈಗೆ ತಾಗುವಷ್ಟು ಎತ್ತರಕ್ಕೆ ಬಂದು ನೀರು ಸಣ್ಣ ಅಲೆ ಎದ್ದು ಅಲುಗಾಡಲಿ. ಪೂರ್ತಿ ನೀರಿನಿಂದ ಹೊರಗೆ ಬರದಂತೆ ನೋಡಿಕೊಳ್ಳಿ, ಮೋಟಾರು ಒಣಗಿ ಓಡಬಾರದು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ಮೀನು ಮೇಲೆ ಬಂದು ಬಾಯಿ ಬಡಿದರೆ ಅದು ಯಾವಾಗಲೂ ಆಮ್ಲಜನಕದ ಕೊರತೆಯೇ ಅಲ್ಲ. ಮೊದಲಿಗೆ, ಗೋಲ್ಡ್‌ಫಿಶ್‌ಗಳು ಹೊಟ್ಟೆಬಾಕಗಳು. ನಿಮ್ಮನ್ನು ಕಂಡ ತಕ್ಷಣ ಓಡಿ ಬಂದು ಬಾಯಿ ತೆರೆಯುತ್ತವೆ. ಅದು ಊಟ ಕೇಳುವ ಗದ್ದಲ. ಉಸಿರಿಗಾಗಿ ಒದ್ದಾಡುವ ಮೀನು ಹಾಗಲ್ಲ, ಒಂದೇ ಜಾಗದಲ್ಲಿ ನಿಂತಿರುತ್ತದೆ, ಕಿವಿರು ಪಟಪಟ ಬಡಿಯುತ್ತಿರುತ್ತದೆ, ನೀವು ಕೋಣೆಯಿಂದ ಹೊರಗೆ ಹೋದರೂ ಅಲ್ಲೇ ಇರುತ್ತದೆ.

ಲೈಟ್ ಹಾಕಿ ಒಂದೆರಡು ಗಂಟೆ ಕಳೆದ ಮೇಲೆ ಅವು ಕೆಳಗಿಳಿದು ಮಾಮೂಲಿಯಾಗಿ ಓಡಾಡಿದರೆ ರಾತ್ರಿಯ ಆಮ್ಲಜನಕದ ಕೊರತೆಯೇ ಇರಬೇಕು. ಮಧ್ಯಾಹ್ನವೂ ಹಾಗೇ ಇದ್ದರೆ ಅಮೋನಿಯಾ ಅಥವಾ ನೈಟ್ರೈಟ್ ಮೇಲೆ ಅನುಮಾನ ಪಡಿ, ಅದರಲ್ಲೂ ಟ್ಯಾಂಕ್ ಹೊಸದಾಗಿದ್ದರೆ. ಮೀನಿನ ಹೊಲಸು, ಉಳಿದ ಆಹಾರದಿಂದ ನೀರಿನಲ್ಲಿ ಹುಟ್ಟುವ ವಿಷಗಳಿವು. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತ ಸೇರಿದರೆ, ಆಮ್ಲಜನಕ ಹೊರುವ ಶಕ್ತಿಯನ್ನೇ ರಕ್ತ ಕಳೆದುಕೊಳ್ಳುತ್ತದೆ. ಆವಾಗ ಗಾಳಿ ಎಷ್ಟು ಬಿಟ್ಟರೂ ಮೀನು ಏದುಸಿರು ಬಿಡುತ್ತಲೇ ಇರುತ್ತದೆ. ಟೆಸ್ಟ್ ಕಿಟ್‌ನಲ್ಲಿ ಇವೆರಡೂ ಸೊನ್ನೆ ತೋರಿಸಬೇಕು. ಇಲ್ಲದಿದ್ದರೆ ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟು ನೀರು ಬದಲಿಸಿ, ಹೊಸ ನೀರಿನ ಕ್ಲೋರಿನ್ ತೆಗೆದು ಹಾಕಿ, ಆಹಾರ ಕಡಿಮೆ ಮಾಡಿ. ಏರ್ ಸ್ಟೋನ್ ಇದ್ದರೆ ಒಳ್ಳೆಯದೇ, ಆದರೆ ನೀರು ಬದಲಿಸುವ ಕೆಲಸವನ್ನು ಅದು ಮಾಡುವುದಿಲ್ಲ.

ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು, ಆದರೂ ಹೇಳಿಬಿಡುತ್ತೇನೆ. ಎರಡಡಿ ಉದ್ದ, ಅಗಲ ಮತ್ತು ಎತ್ತರ ಒಂದೊಂದಡಿ ಅಂತಿಟ್ಟುಕೊಂಡರೆ ಅಂಚಿನವರೆಗೆ ತುಂಬಿದರೂ 56 ಲೀಟರ್ ನೀರು. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ 50 ಕೂಡ ಉಳಿಯುವುದಿಲ್ಲ. ಅದರಲ್ಲಿ ನಾಲ್ಕು ಗೋಲ್ಡ್‌ಫಿಶ್ ಜಾಸ್ತಿಯಾಯಿತು. ಈಗ ಪುಟ್ಟದಾಗಿವೆ, ಮುಂದೆ ಗೇಣುದ್ದ ಬೆಳೆಯುವ ಜಾತಿ ಅದು. ಏರ್ ಸ್ಟೋನ್ ನಿಮಗೆ ಸ್ವಲ್ಪ ಕಾಲಾವಕಾಶ ಕೊಡುತ್ತದೆ, ದೊಡ್ಡ ಟ್ಯಾಂಕ್ ನೋಡುವಷ್ಟು. 'ಹೇಗೂ ಗಾಳಿ ಬರ್ತಿದೆಯಲ್ಲ' ಅಂತ ಇನ್ನೆರಡು ಮೀನು ಮಾತ್ರ ತರಬೇಡಿ.

ಬೇಸಿಗೆಯಲ್ಲಿ ಇನ್ನೂ ಕಷ್ಟ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಹೋದರೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಸೆಕೆಗೆ ಮೀನಿನ ದೇಹದ ಚಟುವಟಿಕೆ ಹೆಚ್ಚಾಗಿ ಅದಕ್ಕೆ ಬೇಕಾದ ಆಮ್ಲಜನಕವೂ ಹೆಚ್ಚುತ್ತದೆ. 'ಗಾಳಿ ಜಾಸ್ತಿಯಾದರೆ ತೊಂದರೆ ಅಲ್ವಾ' ಅಂತಲೂ ಕೆಲವರು ಕೇಳುತ್ತಾರೆ. ಮನೆಯ ಟ್ಯಾಂಕಿನಲ್ಲಿ ಆ ಭಯ ಬೇಡ. ನೀರು ತನ್ನ ಮಿತಿ ಮುಟ್ಟಿದ ಮೇಲೆ ಮತ್ತೆ ಹೀರಿಕೊಳ್ಳುವುದಿಲ್ಲ. ಜಾಸ್ತಿಯಾದರೆ ತೊಂದರೆ ಕೊಡುವುದು ನೀರಿನ ಸೆಳೆತ.

ಜೋಡಿಸುವ ವಿಚಾರಕ್ಕೆ ಬರೋಣ. ಹೊಸ ಕಲ್ಲನ್ನು ಮೊದಲು ಕೆಲವು ಗಂಟೆ ನೀರಿನಲ್ಲಿ ನೆನೆಹಾಕಿ, ಗುಳ್ಳೆ ಒಂದೇ ಸಮನಾಗಿ ಬರುತ್ತದೆ. ಹಿಂದಿನ ಮೂಲೆಯಲ್ಲಿ, ಫಿಲ್ಟರ್ ನೀರೆಳೆಯುವ ಜಾಗದಿಂದ ದೂರ ಇಡಿ. ಗುಳ್ಳೆ ಫಿಲ್ಟರಿನೊಳಗೆ ಹೋದರೆ ಅದು ಗೊರಗೊರ ಅನ್ನುತ್ತದೆ, ಕೆಲವೊಮ್ಮೆ ನೀರೆಳೆಯುವುದನ್ನೇ ನಿಲ್ಲಿಸುತ್ತದೆ. ಮಂಜಿನಂತೆ ಸಣ್ಣ ಗುಳ್ಳೆ ಬಿಡುವ ಕಲ್ಲುಗಳ ಹಿಂದೆ ಬೀಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಅವುಗಳಿಗೆ ಪಂಪಿನ ಒತ್ತಡ ಹೆಚ್ಚು ಬೇಕು, ಬೇಗ ಕಟ್ಟಿಕೊಳ್ಳುತ್ತವೆ. ಸಾಧಾರಣ ಕಲ್ಲೇ ಸಾಕು.

ಚೆಕ್ ವಾಲ್ವ್ ಮಾತ್ರ ಬಿಡಬೇಡಿ. ಬೆರಳ ತುದಿಯಷ್ಟು ಪ್ಲಾಸ್ಟಿಕ್ ಬಿಲ್ಲೆ ಅದು, ಪೈಪಿನ ನಡುವೆ ಸಿಕ್ಕಿಸುವುದು. ಪಂಪ್ ಟ್ಯಾಂಕಿಗಿಂತ ಕೆಳಗಿದ್ದು ಕರೆಂಟ್ ಹೋದರೆ, ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ನೆಲಕ್ಕೆ ಬರುತ್ತದೆ. ವಾಲ್ವ್ ಅದನ್ನು ತಡೆಯುತ್ತದೆ. ಯಾವ ಕಡೆ ಯಾವುದು ಅಂತ ಗೊತ್ತಾಗದಿದ್ದರೆ ಬಾಯಿಂದ ಊದಿ ನೋಡಿ. ಗಾಳಿ ಒಳಗೆ ಹೋಗುವ ತುದಿ ಪಂಪಿನ ಕಡೆಗೆ. ಸಾಧ್ಯವಾದರೆ ಪಂಪನ್ನೂ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಕರೆಂಟಿನ ವೈರು ಸಾಕೆಟ್ಟಿಗೆ ಹೋಗುವ ಮುನ್ನ ಕೆಳಗೆ ಜೋತುಬಿದ್ದು ಮೇಲೇರುವಂತಿರಲಿ, ನೀರು ಹನಿದರೂ ಸಾಕೆಟ್ ತಲುಪುವುದಿಲ್ಲ.

ಸದ್ದಿನ ಬಗ್ಗೆ. ಪಂಪಿಗಿಂತ ಹೆಚ್ಚು ಗಲಾಟೆ ಮಾಡುವುದು ಅದು ಕೂತಿರುವ ಮೇಜು. ಪಂಪಿನ ಕೆಳಗೆ ದಪ್ಪ ಸ್ಪಾಂಜ್ ಹಾಕಿ, ಗೋಡೆಗೂ ಟ್ಯಾಂಕಿಗೂ ತಾಗದಂತೆ ಇಡಿ, ಅರ್ಧಕ್ಕರ್ಧ ಸದ್ದು ಅಲ್ಲೇ ನಿಲ್ಲುತ್ತದೆ. ಗುಳ್ಳೆ ಕಡಿಮೆ ಮಾಡಬೇಕೆಂದು ಪೈಪನ್ನು ಮಡಚಿ ಕಟ್ಟಬೇಡಿ, ಒತ್ತಡ ಹಿಂದಕ್ಕೆ ಬಿದ್ದು ಪಂಪಿನೊಳಗಿನ ರಬ್ಬರ್ ಪೊರೆ ಹಾಳಾಗುತ್ತದೆ. ಟಿ ಆಕಾರದ ಜೋಡಣೆಗೆ ಒಂದು ಸಣ್ಣ ವಾಲ್ವ್ ಹಾಕಿ ಹೆಚ್ಚಿನ ಗಾಳಿಯನ್ನು ಹೊರಗೆ ಬಿಟ್ಟುಬಿಡಿ. ಮೊದಲು ಸುಮ್ಮನಿದ್ದ ಪಂಪ್ ಇದ್ದಕ್ಕಿದ್ದಂತೆ ಕೂಗತೊಡಗಿದರೆ ಸಾಮಾನ್ಯವಾಗಿ ಕಲ್ಲು ಕಟ್ಟಿಕೊಂಡಿರುತ್ತದೆ. ಗುಳ್ಳೆ ಒಂದೇ ಪಕ್ಕದಿಂದ ದಪ್ಪದಪ್ಪಗೆ ಬರುತ್ತಿರುತ್ತದೆ ನೋಡಿ. ಪಾಚಿಯಾದರೆ ಹಳೆ ಬ್ರಷ್‌ನಿಂದ ಉಜ್ಜಿ, ಬಿಳಿ ಸುಣ್ಣ ಕಟ್ಟಿದ್ದರೆ ವಿನೆಗರ್‌ನಲ್ಲಿ ನೆನೆಸಿ ಚೆನ್ನಾಗಿ ತೊಳೆಯಿರಿ. ಆದರೂ ಆಗದಿದ್ದರೆ ಬಿಸಾಡಿ ಇನ್ನೊಂದು ಹಾಕಿ. ಕಲ್ಲನ್ನು ಉಳಿಸಲು ಹೋಗಿ ಪಂಪ್ ಕಳೆದುಕೊಳ್ಳಬೇಡಿ.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ತಮ್ಮ ಬೆಟ್ಟಾ ಮೀನಿಗೂ ಹಾಕಬಹುದಾ ಅಂತ ಕೇಳಿದ್ದಾರೆ. ಬೆಟ್ಟಾ, ಗೌರಾಮಿಗಳು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಕುಡಿಯುತ್ತವೆ, ಅದಕ್ಕೆಂದೇ ಅವಕ್ಕೆ ಬೇರೆ ಅಂಗವಿದೆ. ಅವು ಆಗಾಗ ಮೇಲೆ ಬಂದರೆ ಗಾಬರಿ ಬೇಡ. ಜೋರು ಗುಳ್ಳೆ ಬಿಟ್ಟರೆ ಉದ್ದ ರೆಕ್ಕೆಯ ಬೆಟ್ಟಾ ಸೆಳೆತದಲ್ಲಿ ಈಜಲಾಗದೆ ಸುಸ್ತಾಗುತ್ತದೆ. ಗಿಡಗಳಿಗಾಗಿ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುವವರು ಹಗಲು ಏರ್ ಸ್ಟೋನ್ ಆಫ್ ಮಾಡಿ ರಾತ್ರಿ ಆನ್ ಮಾಡಲಿ. ಹಗಲಲ್ಲೂ ಓಡಿಸಿದರೆ ಬಿಟ್ಟ ಅನಿಲವೆಲ್ಲ ಹಾರಿಹೋಗುತ್ತದೆ.

ಕರೆಂಟ್ ತುಂಬಾ ಹೊತ್ತು ಹೋಗುವ ಕಡೆ ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪ್ ಇಟ್ಟುಕೊಳ್ಳುವುದು ಒಳ್ಳೆಯದು. ಅದಿಲ್ಲದಿದ್ದರೆ ಮಗ್ಗಿನಲ್ಲಿ ಟ್ಯಾಂಕಿನದೇ ನೀರು ತೆಗೆದು ಒಂದು ಗೇಣು ಎತ್ತರದಿಂದ ವಾಪಸ್ ಹೊಯ್ಯುತ್ತಿರಿ, ಆಗಾಗ. ಕರೆಂಟ್ ಬರುವವರೆಗೆ ಊಟ ಹಾಕಬೇಡಿ, ತಿಂದ ಮೀನಿಗೆ ಆಮ್ಲಜನಕ ಇನ್ನೂ ಜಾಸ್ತಿ ಬೇಕು.

ಫಿಲ್ಟರ್ ಎತ್ತರಿಸಿ, ಕಲ್ಲು ಹಾಕಿದ ಮೇಲೂ ಬೆಳಗ್ಗೆ ಹಾಗೇ ಮಾಡುತ್ತಿದ್ದರೆ ಇಲ್ಲೇ ಬರೆಯಿರಿ. ಟ್ಯಾಂಕ್ ಶುರುಮಾಡಿ ಎಷ್ಟು ದಿನವಾಯಿತು, ನೀರು ಬದಲಿಸಿದ್ದು ಯಾವಾಗ, ಅಮೋನಿಯಾ, ನೈಟ್ರೈಟ್ ಎಷ್ಟು ಬಂತು, ಇಷ್ಟನ್ನೂ ತಿಳಿಸಿ. ಯಾವುದಾದರೂ ಔಷಧಿ ಹಾಕಿದ್ದರೆ ಅದನ್ನೂ ಹೇಳಿ, ಕೆಲವು ಔಷಧಿಗಳು ನೀರಿನ ಆಮ್ಲಜನಕವನ್ನು ಇಳಿಸುತ್ತವೆ.