ರಿಬಲ್‌ಹೆಡ್‌ನ ಪಾಳುಮನೆ: ಬೇಸಿಗೆಯ ಬಿಡಾರವೋ, ಕಾಯಂ ಮನೆಯೋ?

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ರಿಬಲ್‌ಹೆಡ್ ಬಳಿಯ ಗುಡ್ಡದ ಮೇಲಿರುವ ಪಾಳುಗೋಡೆಗಳು ಬೇಸಿಗೆಯಲ್ಲಿ ದನಕುರಿ ಮೇಯಿಸಲು ಬಂದವರ ಬಿಡಾರವೇ, ಸ್ಕ್ಯಾಂಡಿನೇವಿಯದಿಂದ ದಂಡೆತ್ತಿ ಬಂದ ವೈಕಿಂಗರ ಮನೆಯೇ ಎಂದು ಕೇಳಿದ್ದೀರಿ. ನನಗೆ ಎರಡರ ಮೇಲೂ ಅನುಮಾನವಿದೆ.

ಗಾಬರ್ ಹೈ ಪಾಸ್ಚರ್ ಎಂಬ ಈ ಜಾಗ ಸಮುದ್ರಮಟ್ಟದಿಂದ ಸುಮಾರು 340 ಮೀಟರ್ ಎತ್ತರದಲ್ಲಿದೆ. 1970ರ ದಶಕದಲ್ಲಿ ಪುರಾತತ್ವಜ್ಞ ಅಲನ್ ಕಿಂಗ್ ಇಲ್ಲಿ ಉತ್ಖನನ ನಡೆಸಿದರು. ಸುಮಾರು 20 ಮೀಟರ್ ಉದ್ದದ ಒಂದು ಮನೆ, ಪಕ್ಕದಲ್ಲಿ ಅಡುಗೆಮನೆ ಎನ್ನಬಹುದಾದ ಕಟ್ಟಡ, ಇನ್ನೊಂದು ಕುಲುಮೆಯಂಥದ್ದು. ಗೋಡೆ ನೋಡಿದರೇ ವಿಷಯ ಅರ್ಧ ತಿಳಿಯುತ್ತದೆ: ಎರಡೂ ಮೈಗೆ ಸುಣ್ಣಕಲ್ಲಿನ ದಪ್ಪ ಬಂಡೆಗಳನ್ನು ನಿಲ್ಲಿಸಿ, ನಡುವೆ ಜಲ್ಲಿ ತುಂಬಿದ್ದಾರೆ. ನಾಲ್ಕು ತಿಂಗಳು ತಂಗಿ ಇಳಿದುಹೋಗುವವರು ಇಷ್ಟು ಬೆವರು ಸುರಿಸುತ್ತಾರೆಯೇ?

ಒಳಗೆ ಸಿಕ್ಕಿದ್ದು ಬೀಸುಕಲ್ಲು, ನೂಲುವ ಕದಿರಿನ ಬಿಲ್ಲೆ, ಕುದುರೆಯ ಕಡಿವಾಣ, ಚಾಕು, ಕಬ್ಬಿಣದ ಗಂಟೆ. ಗಂಟೆಯನ್ನು ಹಿಡಿದು ಇದು ದನಗಾಹಿಗಳ ಹಟ್ಟಿ ಎನ್ನಬಹುದು, ಒಪ್ಪುತ್ತೇನೆ. ಆದರೆ ಬೀಸುಕಲ್ಲೂ ಕುಲುಮೆಯೂ ನೆಲೆ ನಿಂತ ಸಂಸಾರದ ಸಾಮಾನುಗಳು. ಬೇಸಿಗೆಯ ಬಿಡಾರವಾಗಿ ಶುರುವಾಗಿ ಮುಂದೆ ಕಾಯಂ ಮನೆಯಾಗಿರಲೂಬಹುದು.

ನಿಜವಾದ ಬೇಸಿಗೆ ಬಿಡಾರ ಹೇಗಿರುತ್ತದೆ ಎಂದು ತಿಳಿಯಲು ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳ ಆರ್ಗಿಸ್‌ಬ್ರೆಕ್ಕಾ ನೋಡಬೇಕು. ಜಲವಿದ್ಯುತ್ತಿಗಾಗಿ ಅಲ್ಲಿ ನೀರು ನಿಲ್ಲಿಸುವ ಮುನ್ನ, 1985ರಿಂದ 1987ರವರೆಗೆ ಡಿಟ್ಲೆವ್ ಮಾಲರ್ ತಂಡ ಅಗೆಯಿತು. ಹುಲ್ಲುಹೆಂಟೆಯ ಗೋಡೆಗಳ ಪುಟ್ಟ ಪುಟ್ಟ ಗುಡಿಸಲುಗಳು. ಕೆಲವು ವಾಸಕ್ಕೆ, ಕೆಲವು ಕೆಲಸಕ್ಕೆ ಮತ್ತು ದಾಸ್ತಾನಿಗೆ. ರಿಬಲ್‌ಹೆಡ್‌ನ ಮನೆಯನ್ನು ಇವುಗಳ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಇನ್ನು ವೈಕಿಂಗರ ಮಾತು. ಮನೆಯ ಕಾಲ ಹೇಳುವುದು ಇಲ್ಲಿ ಸಿಕ್ಕ ನಾಲ್ಕು ಸಣ್ಣ ನಾಣ್ಯಗಳು; ಇವು ಉತ್ತರ ಇಂಗ್ಲೆಂಡಿನಲ್ಲಿ ಆಗ ಇದ್ದ ನಾರ್ತಂಬ್ರಿಯ ರಾಜ್ಯದವು. ಒಂದು ಯಾರ್ಕ್‌ನ ಆರ್ಚ್‌ಬಿಷಪ್ ವುಲ್ಫ್‌ಹಿಯರ್ ಹೊರಡಿಸಿದ್ದು, 860ರ ದಶಕದ್ದು. 866ರಲ್ಲಿ ಡೇನರ, ಅಂದರೆ ವೈಕಿಂಗರ, ಸೈನ್ಯ ಯಾರ್ಕ್ ಹಿಡಿಯಿತು; ಈ ಎರಡು ಇಸವಿಗಳ ನಂಟೂ ಮನೆಯ ಉದ್ದವೂ ಸೇರಿ "ವೈಕಿಂಗ್ ಮನೆ" ಎಂಬ ಹೆಸರು ಹಬ್ಬಿತು. ಆದರೆ ಸಿಕ್ಕ ಸಾಮಾನಿನಲ್ಲಿ ಸ್ಕ್ಯಾಂಡಿನೇವಿಯದ್ದೇ ಎಂದು ಬೆರಳಿಟ್ಟು ತೋರಿಸುವಂಥದ್ದೇನೂ ಇಲ್ಲ. ಉದ್ದನೆಯ ಮನೆ ಕಟ್ಟಲು ಸ್ಥಳೀಯ ರೈತನಿಗೂ ಬರುತ್ತಿತ್ತು. ಬೇರೆ ಪುರಾವೆ ಸಿಗುವವರೆಗೆ ನಾನು ಇದನ್ನು ನಾರ್ತಂಬ್ರಿಯದ ಒಂದು ರೈತ ಕುಟುಂಬದ ಮನೆ ಎಂದೇ ಕರೆಯುತ್ತೇನೆ.