ಕಿರುನಾಟಕ ತಲೆಗೆ ಹತ್ತಲಿಲ್ಲ ಅಂದವರಿಗೆ

ಸಾಗರದಲ್ಲಿ ಹೊಸಬರು ಬರೆದ ಮೂರು ಕಿರುನಾಟಕ ನೋಡಿದೆ, ಕಥೆ ಶುರುವಾಗುವಷ್ಟರಲ್ಲಿ ಮುಗಿದೇ ಹೋಯ್ತು, ನನಗೆ ರುಚಿಯೇ ಇಲ್ಲವಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ನೀವು ಕಥೆ ಹುಡುಕಿದಿರಿ, ಅಷ್ಟೇ. ಇಪ್ಪತ್ತು ನಿಮಿಷದ ನಾಟಕದಲ್ಲಿ ಕಥೆಗೆ ಜಾಗ ಕಡಿಮೆ. ಅಲ್ಲಿರುವುದು ಒಂದು ಗಳಿಗೆ.

ನಾನು ನೋಡಿದ ಒಂದನ್ನು ಹೇಳುತ್ತೇನೆ. ರಂಗದ ಮೇಲೆ ಒಬ್ಬಳು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ಬೆಂಗಳೂರಿಂದ ಬಂದ ಮಗ ತೋಟ ಮಾರುವ ಮಾತು ಎತ್ತುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಆದರೆ ಅಷ್ಟು ಹೊತ್ತು ಒಂದೇ ಸಮ ಬರುತ್ತಿದ್ದ ಸುಲಿಯುವ ಸದ್ದು ನಿಂತುಬಿಡುತ್ತದೆ. ನಾಟಕ ಇದ್ದದ್ದು ಆ ನಿಂತ ಸದ್ದಿನಲ್ಲಿ. ನಮ್ಮ ಮನೆಗಳಲ್ಲೂ ದೊಡ್ಡ ಮಾತಿಗೆ ಉತ್ತರ ಹೀಗೇ ಬರುತ್ತದೆ, ಅಲ್ವಾ?

ಮುಂದಿನ ಸಲ ಮೊದಲ ಎರಡು ನಿಮಿಷ ಕೈ, ಸಾಮಾನು, ಸದ್ದು ಗಮನಿಸಿ. ಯಾರು ಏನನ್ನು ಹೇಳದೆ ಉಳಿಸಿಕೊಂಡರು ನೋಡಿ. ಮುಗಿದ ತಕ್ಷಣ ಮೊಬೈಲ್ ತೆಗೆಯಬೇಡಿ, ಸುಮ್ನೆ ಕೂತಿರಿ.

ನಿಮ್ಮ ಪಕ್ಕದಲ್ಲೇ ಹೆಗ್ಗೋಡು ಇದೆ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಮ್ ಎಂಬ ರಂಗಸಂಸ್ಥೆಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಕೂತು ಮಾತಾಡುತ್ತಾರೆ. ನನಗೆ ನೋಡುವುದನ್ನು ಕಲಿಸಿದ್ದು ಆ ಬೆಳಗಿನ ಮಾತುಗಳೇ. ಅರ್ಥವಾಗಲಿಲ್ಲ ಅಂತ ಅಲ್ಲಿ ಧೈರ್ಯವಾಗಿ ಹೇಳಬಹುದು.

ಆ ಮೂರರಲ್ಲಿ ಯಾವ ದೃಶ್ಯ ಈಗಲೂ ಕಣ್ಣಮುಂದಿದೆ? ಬರೆಯಿರಿ, ಅಲ್ಲಿಂದಲೇ ಮಾತಾಡೋಣ.